ಬುಖಾರಾದ ಬಾವಿ, ನಮ್ಮೂರ ಹಗೇವು

ಹುಮನಾಬಾದ್

ಆ ದಿನ ಹುಮನಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಇದ್ದೆವು. ಬಾಗಿಲ ಹತ್ತಿರ ಚಾಪೆಯ ಮೇಲೆ ನಮ್ಮ ಅವ್ವ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಎದುರಿನ ಕುರ್ಚಿಯಲ್ಲಿ ನನ್ನ ಬಾಲ್ಯದ ಗೆಳೆಯ ಇಸ್ಮಾಯಿಲ, ಬಸವಕಲ್ಯಾಣದಲ್ಲಿ ಬಳೆ ಅಂಗಡಿ ನಡೆಸುವವನು. ಅಡುಗೆಮನೆಯ ಬಾಗಿಲಿಗೆ ಒರಗಿ ನನ್ನ ಹೆಂಡತಿ ಸುಮಿತ್ರಾ. ನಡುವೆ ನಾನು, ಕೈಯಲ್ಲಿ ಉಜ್ಬೇಕಿಸ್ತಾನದ ನಕಾಶೆ.

ಇಸ್ಮಾಯಿಲನ ಮನೆತನದ ಮೂಲಪುರುಷ ಬುಖಾರಾದಿಂದ ಬಂದವನಂತೆ. ಅದಕ್ಕೆ ಆಧಾರವೇನೂ ಇಲ್ಲ, ಅಜ್ಜ ಮೊಮ್ಮಗನಿಗೆ ಹೇಳಿದ ಮಾತು ಅಷ್ಟೇ. ಆದರೂ ಸಾಯುವುದರೊಳಗೆ ಒಮ್ಮೆ ಆ ಮಣ್ಣು ತುಳಿಯಬೇಕೆಂಬುದು ಅವನ ಆಸೆ. ಕಲಬುರಗಿಯಿಂದ ಒಂದು ತಂಡ ಹೊರಟಿತ್ತು. ನಾನು ಬಟ್ಟೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಅವನ ಜೊತೆ ಹೋಗುವುದೆಂದು ಮಾತಾಗಿತ್ತು. ಆಗ ಅವ್ವ ಹುಣಸೆಯಿಂದ ತಲೆ ಎತ್ತಿದಳು.

"ನನ್ನೂ ಕರ್ಕೊಂಡು ಹೋಗ್ರಿ."

ಸುಮಿತ್ರಾ ನಕ್ಕುಬಿಟ್ಟಳು. "ಅತ್ತೀ, ಅದೇನು ಶ್ರೀಶೈಲ ಅಲ್ಲರಿ. ವಿಮಾನದಾಗ ಹೋಗಬೇಕು."

"ಶ್ರೀಶೈಲಕ್ಕ ನಾ ನಡಕೋತ ಹೋಗೀನಿ. ಇದರಾಗ ಕುಂತು ಹೋಗೋದು. ಯಾವದು ಹಗುರ ನೀನೇ ಹೇಳು."

ಎಂಬತ್ತೈದು ದಾಟಿದ ಹೆಂಗಸಿಗೆ ಎದುರು ಹೇಳುವ ತಾಕತ್ತು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. "ಕಾಕು ಬಂದ್ರ ನನಗ ಭಾಳ ಖುಷಿ," ಎಂದು ಇಸ್ಮಾಯಿಲ ಎದ್ದು ಅವಳ ಕಾಲು ಮುಟ್ಟಿದ. ಅವ್ವ ಅವನ ತಲೆಯ ಮೇಲೆ ಕೈ ಇಟ್ಟು, ಕೈ ತೆಗೆಯುವುದನ್ನೇ ಮರೆತವಳಂತೆ ಕೂತಳು.

ಇಲ್ಲೊಂದು ಮಾತು ಹೇಳಬೇಕು. ಇಸ್ಮಾಯಿಲನ ಮೂಲ ಊರು ಅವ್ವನ ತವರೂರೇ. ಗೋರ್ಟಾಕ್ಕೂ ಮೋರಖಂಡಿಗೂ ನಡುವಿನ ಸಣ್ಣ ಊರು, ಹೆಸರು ಬರೆಯುವುದು ಬೇಡ. ನಿಜಾಮನ ಆಳ್ವಿಕೆಯ ಕೊನೆಯ ದಿನಗಳಲ್ಲಿ ಅವನ ಪರವಾಗಿ ಆಯುಧ ಹಿಡಿದ ರಜಾಕಾರರು ಗೋರ್ಟಾದಲ್ಲಿ ಮಾಡಿದ ಕೊಲೆಗಳನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸ್ಮಾರಕ ನಿಂತಿದೆ. ಅದೇ ದಿನಗಳಲ್ಲಿ ಒಂದು ಗುಂಪು ಈ ಊರಿಗೂ ನುಗ್ಗಿತ್ತು. ಮನೆಗಳು ಸುಟ್ಟವು, ಹೆಣಗಳು ಬಿದ್ದವು. ಆದರೆ ಇಸ್ಮಾಯಿಲನ ಅಜ್ಜ ಹುಸೇನ್ ಮುತ್ಯಾನ ಅಂಗಳದಲ್ಲಿ ಆ ಗುಂಪು ಕೂತು ನೀರು ಕುಡಿದು ಸುಮ್ಮನೆ ಹೋಯಿತು. ಅದನ್ನು ಕಂಡವರಿದ್ದರು.

ಮುಂದೆ ನಾವು ಹರೆಯದವರಾಗಿದ್ದಾಗ ಹೊಲದ ಬದುವಿನ ಜಗಳವೊಂದರಲ್ಲಿ ಶಂಕ್ರಪ್ಪ ಎಂಬವನು ಇಡೀ ಊರಿನ ಎದುರಿಗೆ ಇಸ್ಮಾಯಿಲನಿಗೆ ಅಂದುಬಿಟ್ಟ: "ನೀ ಏನ್ ಮಾತಾಡ್ತೀಯೋ? ನಿಮ್ಮ ಮುತ್ಯಾ ರಜಾಕಾರರಿಗೆ ನೀರು ಕೊಟ್ಟಾವ!" ಆ ವರ್ಷವೇ ಇಸ್ಮಾಯಿಲನ ಅಪ್ಪ ಮನೆ ಮಾರಿ ಬಸವಕಲ್ಯಾಣ ಸೇರಿದ. ಅಂದಿನಿಂದ ಇಸ್ಮಾಯಿಲ ಆ ಊರಿಗೆ ಕಾಲಿಟ್ಟಿಲ್ಲ. ಬುಖಾರಾದ ಮೂಲಪುರುಷನನ್ನು ಹುಡುಕಲು ಹೊರಟವನಿಗೆ ಹದಿನೈದು ಮೈಲಿ ದೂರದ ಅಜ್ಜನ ಗೋರಿಗೆ ಹೂವು ಏರಿಸಲು ಆಗುತ್ತಿರಲಿಲ್ಲ.

ಸಮರಕಂದ್

ಉಜ್ಬೇಕರ ನಾಡಿನಲ್ಲಿ ನಮಗೆ ದಾರಿ ತೋರಿಸಿದವಳು ನಿಗೋರಾ ಎಂಬ ಹೆಣ್ಣುಮಗಳು. ಸಿನಿಮಾ ನೋಡಿ ನೋಡಿ ಹಿಂದಿ ಕಲಿತವಳು. ಅವ್ವನ ದಖ್ಖನಿ ಉರ್ದು ಅವಳಿಗೆ ಮುಕ್ಕಾಲು ತಿಳಿಯುತ್ತಿತ್ತು, ಅವಳ ಹಿಂದಿ ಅವ್ವನಿಗೆ ಅರ್ಧ ತಿಳಿಯುತ್ತಿತ್ತು. ಸಂಸಾರ ಸಾಗಿಸಲು ಅಷ್ಟು ಸಾಕು.

ಸಮರಕಂದಿನ ದೊಡ್ಡ ಚೌಕದಲ್ಲಿ ಮೂರು ಕಡೆಯೂ ನೀಲಿ ಹೊಳಪಿನ ಮದರಸಾಗಳು. ತಂಡದವರೆಲ್ಲ ಬಾಯಿ ತೆರೆದು ನಿಂತರು. ಅವ್ವ ಮಾತ್ರ ಹಣೆಗೆ ಕೈ ಹಚ್ಚಿ ನೋಡಿ, "ಇಂಥಾದು ನಮ್ಮ ಬೀದರದಾಗೂ ಅದ ಅಲ್ಲ? ಇವರು ನಮ್ಮದು ನೋಡಿ ಕಟ್ಯಾರೇನು?" ಎಂದಳು. ಮೂರರಲ್ಲಿ ಒಂದು ಹಳೆಯದು, ಬೀದರಿನ ಮದರಸಾ ಅದರ ಆಮೇಲಿನದು ಎಂದು ನಾನು ಮೆಲ್ಲಗೆ ತಿದ್ದಿದೆ. "ಇರಲಿ ಬಿಡು, ನಮ್ಮದರ ಬಣ್ಣ ಮಳಿ ಬಿಸಲಾಗ ನಿಂತು ಮಾಸೇದ. ಇವರದು ಈಗ ಬಳದಂಗದ," ಎಂದು ಬೀದರನ್ನು ಬಿಟ್ಟುಕೊಡಲಿಲ್ಲ. ಸುಳ್ಳೇನಲ್ಲ. ಸಿಡಿಲು ಸಿಡಿಮದ್ದು ಎಲ್ಲ ತಿಂದೂ ನಮ್ಮ ಮದರಸಾದ ಗೋಡೆಗೆ ಅಂಟಿಕೊಂಡಿರುವ ಆ ನಾಲ್ಕು ತುಣುಕು ನೀಲಿಗೆ ಇರುವ ಗತ್ತು ಇಲ್ಲಿನ ಹೊಸ ಹೊಳಪಿಗೆ ಇಲ್ಲವೆಂದು ನನಗೂ ಅನ್ನಿಸಿತು.

ಬಜಾರಿನಲ್ಲಿ ಇಸ್ಮಾಯಿಲನದೇ ದರ್ಬಾರು. ಪ್ಯಾಜ್ ಅಂದರೆ ಈರುಳ್ಳಿ, ಅನಾರ್ ಅಂದರೆ ದಾಳಿಂಬೆ, ಮೇವಾ ಅಂದರೆ ಹಣ್ಣು. ಬಸವಕಲ್ಯಾಣದ ಸಂತೆಯ ಮಾತು ಅಲ್ಲಿ ಹೆಚ್ಚುಕಡಿಮೆ ಹಾಗೆಯೇ ನಡೆಯಿತು. ಕಲಬುರಗಿಯ ಸಾಹೇಬರೊಬ್ಬರು ಇಂಗ್ಲಿಷಿನಲ್ಲಿ ಬೆವರು ಹರಿಸುತ್ತಿದ್ದಾಗ ಇವನು ದ್ರಾಕ್ಷಿ ಕೊಂಡು, ತಿಂದು, ಬೀಜ ಉಗುಳಿಯೂ ಆಗಿತ್ತು.

ಅಲ್ಲಿಯ ರೊಟ್ಟಿ ದುಂಡಗೆ, ದಪ್ಪಗೆ, ನಡುವೆ ಮೊಳೆ ಒತ್ತಿ ಚಿತ್ತಾರ ಬಿಡಿಸಿದ್ದು. ಅವ್ವ ಒಂದನ್ನು ಕೊಂಡು ಬೋರಲಾಗಿ ಮೇಜಿನ ಮೇಲಿಟ್ಟಳು. ಮಾರುತ್ತಿದ್ದ ಮುದುಕಿ ಒಂದು ಮಾತಾಡದೆ ಕೈ ಚಾಚಿ ಅದನ್ನು ಮೊಗಚಿ ಹಾಕಿ, ತನ್ನ ಎದೆಗೆ ಕೈ ಒತ್ತಿಕೊಂಡಳು. ರೊಟ್ಟಿಯ ಮುಖ ನೆಲ ನೋಡಬಾರದಂತೆ. ಅವ್ವನಿಗೆ ಆ ಮುದುಕಿ ಭಾಳ ಮನಸ್ಸಿಗೆ ಬಂದಳು. "ಅನ್ನಕ್ಕ ಮರ್ಯಾದಿ ಕೊಡೋ ಮಂದಿ ಕೆಟ್ಟವರಿರೋದಿಲ್ಲ," ಎಂದು ತನ್ನ ಗಂಟು ಬಿಚ್ಚಿ, ಊರಿಂದ ತಂದ ಕಟಕ ಜೋಳದ ರೊಟ್ಟಿಯನ್ನು ಅವಳಿಗೆ ಕೊಟ್ಟಳು. ಮುದುಕಿ ಕಡಿದಳು. ಹಲ್ಲು ಹಿಡಿದುಕೊಂಡು ನಕ್ಕಳು.

ಸಂಜೆ ನಿಗೋರಾ ತನ್ನ ಅತ್ತೆಯ ಮನೆಗೆ ನಮ್ಮನ್ನು ಚಹಾಕ್ಕೆ ಕರೆದಳು. ಆ ಮನೆಯೊಡತಿ ಹಿಡಿಯಿಲ್ಲದ ಬಟ್ಟಲಿನಲ್ಲಿ ತಳಕ್ಕೆ ಒಂದಿಷ್ಟು ಚಹಾ ಹಾಕಿ ಅವ್ವನ ಕೈಗೆ ಕೊಟ್ಟಳು.

"ಏ, ಇದೇನಿದು? ಬೆಕ್ಕಿಗೆ ಹಾಕಿದಂಗ ಹಾಕ್ಯಾಳ!" ಎಂದು ಅವ್ವ ಕನ್ನಡದಲ್ಲಿ ನನಗೆ ಹೇಳಿ, ಬಟ್ಟಲು ಮುಂದೆ ಹಿಡಿದು, ಕಂಠದವರೆಗೆ ತುಂಬೆಂದು ಕೈಸನ್ನೆ ಮಾಡಿದಳು. ಆ ತಾಯಿಯ ಮುಖ ಸಣ್ಣಗಾಯಿತು. ಆದರೂ ತುಂಬಿದಳು. ಆಮೇಲೆ ನಿಗೋರಾ ತಿಳಿಸಿದಳು: ಅವರಲ್ಲಿ ಅರ್ಧ ಬಟ್ಟಲು ಎಂದರೆ ಕೂಡು, ಮತ್ತೆ ಮತ್ತೆ ಹಾಕುತ್ತೇವೆ ಎಂದು. ತುಂಬಿ ಕೊಟ್ಟರೆ ಕುಡಿದು ಹೊರಡು ಎಂದು.

"ಅಯ್ಯ ನಮ್ಮಪ್ಪಾ! ನಮ್ಮಲ್ಲಿ ಅರ್ಧ ಕೊಟ್ರ ಹೊರಡು ಅಂತ!" ಅವ್ವ ಹಣೆ ಬಡಿದುಕೊಂಡು, ಆ ತುಂಬಿದ ಬಟ್ಟಲನ್ನು ನನ್ನ ಕಡೆ ನೂಕಿದಳು. "ತಗೋ, ನೀ ಕುಡದು ಹೊರಡು. ನಾ ಇಲ್ಲೇ ಕೂಡಾಕಿ." ಆಮೇಲೆ ಕತ್ತಲಾಗುವವರೆಗೆ ಅರ್ಧರ್ಧ ಬಟ್ಟಲು ಕುಡಿದೇ ಕುಡಿದಳು.

ಬುಖಾರಾ: ಗೋಪುರ

ಬುಖಾರಾದ ನಡುವೆ ಇಟ್ಟಿಗೆಯ ಒಂದು ಎತ್ತರದ ಗೋಪುರವಿದೆ. ಹನ್ನೆರಡನೆಯ ಶತಮಾನದ್ದು. ಹಿಂದೆ ಅಪರಾಧಿಗಳನ್ನು ಚೀಲದಲ್ಲಿ ಕಟ್ಟಿ, ಸಂತೆಯ ದಿನ ಜನ ನೋಡುತ್ತಿರುವಾಗ ಅದರ ತುದಿಯಿಂದ ಕೆಳಗೆ ಉರುಳಿಸುತ್ತಿದ್ದರಂತೆ. ನಿಗೋರಾ ಇದನ್ನು ದಿನವೂ ಹೇಳಿ ರೂಢಿಯಾದ ದನಿಯಲ್ಲಿ ಹೇಳಿದಳು.

ಅದೇ ಶತಮಾನದ ನಮ್ಮ ಕಲ್ಯಾಣದ ಕತೆಯನ್ನು ನಾನು ಅವಳಿಗೆ ಹೇಳಿದೆ. ಚಮ್ಮಾರರ ಮನೆಯ ಹುಡುಗನಿಗೂ ಬ್ರಾಹ್ಮಣ ಮನೆಯ ಹುಡುಗಿಗೂ ಶರಣರು ಮದುವೆ ಮಾಡಿಸಿದ್ದು. ಅದಕ್ಕೆ ಅಲ್ಲಿನ ರಾಜ ಇಬ್ಬರ ಅಪ್ಪಂದಿರನ್ನೂ ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದ್ದು. ಕಲ್ಯಾಣ ಹೊತ್ತಿ ಉರಿದದ್ದು. ಶರಣರು ವಚನದ ಕಟ್ಟುಗಳನ್ನು ಹೊತ್ತುಕೊಂಡು, ಬೆನ್ನಟ್ಟಿದ ದಂಡಿನ ಜೊತೆ ಬಡಿದಾಡುತ್ತ ಕಾಡು ಸೇರಿದ್ದು.

ನಿಗೋರಾ ಕೇಳಿದಳು, ಆ ರಾಜನ ಹೆಸರಿನಲ್ಲಿ ಅಲ್ಲಿ ಈಗ ಏನಿದೆ?

"ಏನೂ ಇಲ್ಲವ್ವ," ಎಂದ ಇಸ್ಮಾಯಿಲ, ನನಗಿಂತ ಮೊದಲೇ. "ಎಳೆಸಿಕೊಂಡವರ ಹೆಸರು ಮಾತ್ರ ಅದ. ನಮ್ಮ ಕಲ್ಯಾಣದಾಗ ಸಣ್ಣ ಕೂಸಿಗೂ ಗೊತ್ತದ." ಹೇಳುವಾಗ ಅವನ ಎದೆ ಉಬ್ಬಿತ್ತು, ನನ್ನದೂ.

ನಿಗೋರಾ ಗೋಪುರದ ಇನ್ನೊಂದು ಕತೆ ತೆಗೆದಳು. ಒಬ್ಬ ಹೆಂಗಸಿಗೆ ಮೇಲಿಂದ ನೂಕುವ ಶಿಕ್ಷೆ ಆಯಿತು. ಕೊನೆಯ ಆಸೆ ಏನೆಂದರೆ, ನನ್ನ ಅಂಗಿಗಳನ್ನೆಲ್ಲ ತೊಟ್ಟು ಸಾಯುತ್ತೇನೆ ಎಂದಳು. ನಲವತ್ತು ಅಂಗಿ ಒಂದರ ಮೇಲೊಂದು ತೊಟ್ಟಳು. ನೂಕಿದರೆ ಗಾಳಿ ತುಂಬಿ, ಛತ್ರಿಯಂತೆ ತೇಲಿ, ನೆಲಕ್ಕಿಳಿದು ಎದ್ದು ನಡೆದಳು!

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. "ಹೆಂಗಸರನ್ನ ಕೊಲ್ಲಾಕ ಬರೋರು ಎಂದೂ ಪೂರಾ ವಿಚಾರ ಮಾಡಿ ಬಂದಿರೋದಿಲ್ಲ," ಎಂದಳು.

ಬುಖಾರಾ: ಬಾವಿ

ಮರುದಿನ ಹಳೆಯ ಸೆರೆಮನೆಗೆ ಹೋದೆವು. ಅಲ್ಲಿ ಒಂದು ಕೋಣೆಯ ನೆಲದಲ್ಲಿ ಬಾವಿಯಂಥ ಗುಂಡಿ. ಮೇಲೆ ಬಾಯಿ ಸಣ್ಣದು, ಕೆಳಗೆ ಹೊಟ್ಟೆ ದೊಡ್ಡದು. ಹಗ್ಗವಿಲ್ಲದೆ ಹತ್ತಲಾಗದು. ಊರನ್ನಾಳುತ್ತಿದ್ದ ಅಮೀರನಿಗೆ ಬಾಗದೆ ಕುದುರೆಯ ಮೇಲೇ ಕೂತು ಬಂದ ಒಬ್ಬ ಇಂಗ್ಲಿಷ್ ಅಧಿಕಾರಿಯನ್ನು ಇದರಲ್ಲಿ ಇಳಿಸಿ, ಮೇಲಿಂದ ಹುಳ, ಚೇಳು ಸುರಿದರಂತೆ. ಅವನನ್ನು ಬಿಡಿಸಿಕೊಳ್ಳಲು ಬಂದ ಇನ್ನೊಬ್ಬನನ್ನೂ ಹಿಡಿದರು. ಕೊನೆಗೆ ಇಬ್ಬರ ತಲೆಯನ್ನೂ ಕೋಟೆಯ ಮುಂದೆ ಕಡಿದರು. ಈಗ ಗುಂಡಿಯ ತಳದಲ್ಲಿ ಎರಡು ಬೊಂಬೆಗಳನ್ನು ಕೂರಿಸಿದ್ದಾರೆ.

ಅವ್ವ ಕಟಾಂಜನ ಹಿಡಿದು ಬಗ್ಗಿ ನೋಡಿದಳು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಇದಕ್ಕ ದೀಪ ಬಿಟ್ಟು ನೋಡತಿದ್ರೇನು?" ಎಂದಳು.

ನಿಗೋರಾಳಿಗೆ ತಿಳಿಯಲಿಲ್ಲ. ಈಗಿನ ಓದುಗರಿಗೂ ಹೇಳುವುದು ಒಳ್ಳೆಯದು. ನಮ್ಮ ಕಡೆ ಜೋಳವನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿಡುತ್ತಿದ್ದರು. ಆ ಬಾವಿಯ ಆಕಾರದ್ದೇ, ಸಣ್ಣ ಬಾಯಿ, ದೊಡ್ಡ ಹೊಟ್ಟೆ. ಮುಚ್ಚಿದ ಹಗೇವಿನ ಗಾಳಿ ವಿಷವಾಗಿರುತ್ತದೆ. ತೆರೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೆ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಇಳಿಯಬೇಕು, ಆರಿದರೆ ಕಾಯಬೇಕು.

ಅವ್ವ ತಲೆ ಎತ್ತಿದಳು. "ಇಸ್ಮಾಯಿಲಾ, ಇಲ್ಲಿ ಬಾ. ನಿಮ್ಮ ಮುತ್ಯಾ ನನ್ನ ಇಂಥಾದರಾಗೇ ಇಳಿಸಿದ್ದ."

ಇಸ್ಮಾಯಿಲ ನನ್ನ ಮುಖ ನೋಡಿದ. ನನಗೇನು ಗೊತ್ತು? ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ ನೂರು ಕತೆ ಕೇಳಿದ್ದೇನೆ. ಇದನ್ನು ಕೇಳಿರಲಿಲ್ಲ.

"ಏನಂತೀ ಕಾಕು?"

"ಸುಮ್ಮ ಕೇಳು. ರಜಾಕಾರರು ಬಂದ್ರು ಅಂತ ಗದ್ದಲ ಆತು. ನಮ್ಮಪ್ಪ ಊರಾಗ ಇರಲಿಲ್ಲ. ನಮ್ಮವ್ವ ತೊಟ್ಟಿಲ ಕೂಸಿನ ಎತ್ಕೊಂಡು ಹಳ್ಳದ ಕಡೆ ಓಡಿದ್ಲು. ನಾನು, ನಮ್ಮಕ್ಕ ಹಿಂದ ಉಳದ್ವಿ. ಹುಸೇನ್ ಕಾಕಾ ಗ್ವಾಡಿ ಮ್ಯಾಲಿಂದ ಕರದ. 'ಬರ್ರೆವ್ವ ಲಗೂನ' ಅಂದ. ಅವನ ಅಂಗಳದಾಗ ಹಗೇವು ಇತ್ತು. ಎರಡು ದಿನದ ಹಿಂದಷ್ಟ ತೆರದು ಅರ್ಧ ಜೋಳ ತಗದಿದ್ದ. ಗಾಳಿ ಚೊಲೊ ಇತ್ತು. ನಮ್ಮಿಬ್ಬರನ್ನ ಇಳಿಸಿ ಮ್ಯಾಲ ಕಲ್ಲು ಎಳದ."

"ಅವರು ಬಂದ್ರು?"

"ಬಂದ್ರು. ಹೊಸಾ ಮಣ್ಣು ಕಂಡ್ರು. 'ಏನು ಹೂತಿ, ಬಂಗಾರೇನು?' ಅಂತ ಕೇಳಿದ್ರು. ನಿಮ್ಮ ಮುತ್ಯಾ, 'ಜೋಳ ಅವ ಸಾಹೇಬ್ರ, ಈಗ ತೆಗಿಯಾಕತ್ತಿದ್ದೆ' ಅಂದ. ಕಲ್ಲು ಎತ್ತಿಸಿದ್ರು. ಅವರಾಗ ಒಬ್ಬಾಂವ ಹಳ್ಳಿಯಾಂವ ಇದ್ದ. 'ತಡೀರಿ, ದೀಪ ಬಿಡಲಾರದ ಇಳದ್ರ ಸಾಯ್ತೀರಿ' ಅಂದ. ನಿಮ್ಮ ಮುತ್ಯಾ ಚಿಮಣಿ ದೀಪ ಹಗ್ಗಕ್ಕ ಕಟ್ಟಿದ. ಇಳಿಬಿಡಕೋತ, ಕೆಳಗ ನಮಗ ಕೇಳೋಹಂಗ, ಗಟ್ಯಾಗಿ ಹೇಳಿದ: 'ನೋಡ್ರಿ ಸಾಹೇಬ್ರ, ದೀಪ ಉರದ್ರ ನೀವು ಇಳೀರಿ. ದೀಪ ಆರಿತಂದ್ರ ಒಳಗ ಇಳದವರು ಯಾರೂ ಉಳಿಯೋದಿಲ್ಲ.'"

ತಂಡದವರೆಲ್ಲ ಸುತ್ತ ನೆರೆದಿದ್ದರು. ನಿಗೋರಾ ನನ್ನ ತೋಳು ಹಿಡಿದು, ಏನು ಹೇಳುತ್ತಿದ್ದಾರೆ, ಹೇಳಿ ಹೇಳಿ ಎಂದು ಜಗ್ಗುತ್ತಿದ್ದಳು.

"ಅಕ್ಕ ಕಣ್ಣ ಮುಚ್ಚಿ ಗ್ವಾಡಿಗಿ ಅಂಟ್ಕೊಂಡಿದ್ಲು. ದೀಪ ನನ್ನ ಮಾರಿ ತನಕ ಬಂತು. ನಾ ಊದಿ ಆರಿಸಿಬಿಟ್ಟೆ."

ಅವ್ವ ಸೆರಗು ಸರಿಮಾಡಿಕೊಂಡು ಮುಂದುವರಿಸಿದಳು.

"ಮ್ಯಾಲ ಎಳಕೊಂಡ್ರು. ಬತ್ತಿ ಬರೇ ಹೊಗಿ ಬಿಡಾಕತ್ತಿತ್ತು. ಹಳ್ಳಿಯಾಂವ ಹಿಂದಕ್ಕ ಸರದ. ಇನ್ನೊಬ್ಬಾಂವ ಸಿಟ್ಟಿಗೆದ್ದು ಭರ್ಚಿ ಎತ್ತಿ ಒಳಗ ಒಗದ. ಅದು ನಮ್ಮಕ್ಕನ ಮೀನಖಂಡದಾಗ ಹೊಕ್ತು. ಆಕಿ ಬಾಯಾಗ ಜೋಳ ತುಂಬ್ಕೊಂಡ್ಲು. ಒಂದು ದನಿ ಬರಲಿಲ್ಲ. ನಿಮ್ಮ ದೊಡ್ಡವ್ವ ಕುಂಟತಿದ್ಲಲ್ಲೋ," ಎಂದು ನನ್ನ ಕಡೆ ತಿರುಗಿದಳು, "ಎತ್ತು ಒದ್ದದ್ದಲ್ಲ ಅದು."

ಆ ಭರ್ಜಿಗೆ ಹಗ್ಗವಿರಲಿಲ್ಲ, ಅದನ್ನು ತರಲು ಇಳಿಯುವ ಧೈರ್ಯ ಯಾರಿಗೂ ಆಗಲಿಲ್ಲ. ಬಿಸಿಲಿಗೆ ಬಾಯಿ ಒಣಗಿತ್ತು. ನೀರು ಕೇಳಿದರು. ಹುಸೇನ್ ಮುತ್ಯಾ ಕೊಟ್ಟ. ಹಗೇವಿನ ಬಾಯಿಯ ಮೇಲೆ ಕೂತೇ ಅವರು ನೀರು ಕುಡಿದರು. ಕೆಳಗೆ ಅಕ್ಕನ ರಕ್ತ ಜೋಳಕ್ಕೆ ಇಳಿಯುತ್ತಿತ್ತು.

"ಆ ನೀರು ಕೊಟ್ಟದ್ದಕ್ಕ ನಿನಗ ಊರಾಗ ಅಂದ್ರಲ್ಲ," ಎಂದು ಅವ್ವ ಇಸ್ಮಾಯಿಲನಿಗೆ ಹೇಳಿದಳು, "ಆ ನೀರು ಕೊಡದಿದ್ರ ನಾ ಇಲ್ಲ. ಇವನೂ ಇಲ್ಲ."

ನಾನು ನಿಗೋರಾಳಿಗೆ ಹಿಂದಿಯಲ್ಲಿ ಹೇಳಿ ಮುಗಿಸಿದೆ. ಅವಳು ಅವ್ವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಇಸ್ಮಾಯಿಲ ಗುಂಡಿಯ ಕಡೆ ಬೆನ್ನು ಮಾಡಿ ಗೋಡೆ ನೋಡುತ್ತ ನಿಂತಿದ್ದ. ಬುಖಾರಾದ ಅಮೀರ ಜನರನ್ನು ಕೊಲ್ಲಲು ತೋಡಿಸಿದ ಗುಂಡಿ ನೋಡಲು ಸಾವಿರಾರು ಮೈಲಿ ಬಂದಿದ್ದೆವು. ನಮ್ಮೂರ ಒಬ್ಬ ರೈತ ಜೋಳದ ಗುಂಡಿಯಲ್ಲಿ ಎರಡು ಜೀವ ಉಳಿಸಿದ್ದ. ಅದಕ್ಕೆ ಅಲ್ಲಿ ಒಂದು ಫಲಕವೂ ಇಲ್ಲ. ಆ ಕ್ಷಣದಲ್ಲಿ ನನ್ನ ಊರು ನನ್ನ ಕಣ್ಣಿಗೆ ಸಮರಕಂದಿಗಿಂತ ಎತ್ತರವಾಗಿ ಕಂಡಿತು. ಇದನ್ನು ಅತಿಶಯಕ್ಕೆ ಹೇಳುತ್ತಿಲ್ಲ.

ಬುಖಾರಾ: ಅಂಗಳ

ನಾವು ಇಳಿದಿದ್ದ ಮನೆಯ ಅಂಗಳದಲ್ಲಿ ಒಂದು ಹಿಪ್ಪುನೇರಳೆ ಮರ. ಅದರ ಕೆಳಗೆ ಮಂಚದ ಮೇಲೆ ಕೂತಾಗ ಇಸ್ಮಾಯಿಲನ ಬಾಯಿ ಬಿಚ್ಚಿತು.

"ಕಾಕು, ಇಷ್ಟು ವರ್ಷ ಯಾಕ ಹೇಳಲಿಲ್ಲ?" ದನಿಯಲ್ಲಿ ಸಿಟ್ಟಿತ್ತು. ಇರಬೇಕಾದ್ದೇ.

"ನಿಮ್ಮ ಮುತ್ಯಾನೇ ಜೋಳದ ಮ್ಯಾಲ ಕೈ ಇಡಿಸಿ ಆಣಿ ಹಾಕ್ಸಿದ್ದ. ಅವರಿಗೆ ಗೊತ್ತಾದ್ರ ತಿರಗಿ ಬಂದು ಕೊಲ್ತಾರ ಅಂತ ಅವನಿಗ ಹೆದರಿಕಿ. ಹರೇದ ಹುಡಗಿ ಪರರ ಮನಿಯಾಗ ಅಡಗಿದ್ಲು ಅಂದ್ರ ಲಗ್ನ ಆಗೂದಿಲ್ಲ ಅಂತ ನಮ್ಮವ್ವಗ ಹೆದರಿಕಿ. ರಜಾಕಾರರು ಹೋದ್ರು, ನಿಮ್ಮ ಮುತ್ಯಾ ತೀರಿಕೊಂಡ. ನಾ ಹೇಳ್ತೀನಿ ಅಂದ್ರ ಅಕ್ಕ ನನ್ನ ಬಾಯಿ ಮುಚ್ಚತಿದ್ಲು. 'ನನ್ನ ಅತ್ತಿ ಮನಿಯಾಗ ಮಾತು ಹುಟ್ಟತಾವ, ನಾ ಸತ್ತ ಮ್ಯಾಲ ಏನರೆ ಮಾಡ್ಕೊ' ಅಂತಿದ್ಲು. ಹೋದ ವರ್ಷ ಆಕಿನೂ ಹೋದ್ಲು."

"ಶಂಕ್ರಪ್ಪ ಅಂದಾಗರೆ..."

"ಅವತ್ತು ನಾ ಉಣ್ಣಲಿಲ್ಲೋ ಇಸ್ಮಾಯಿಲಾ."

ಮರದ ಮೇಲೆ ಗುಬ್ಬಿಗಳ ಗಲಾಟೆ. ಮನೆಯೊಡೆಯ ಚಹಾ ತಂದಿಟ್ಟು ಎದೆಯ ಮೇಲೆ ಕೈ ಇಟ್ಟು ಬಾಗಿ ಹೋದ.

"ಊರಾಗ ಹೇಳ್ತೀ ಏನು?" ಇಸ್ಮಾಯಿಲ ಕೇಳಿದ.

ಅವ್ವ ಬಟ್ಟಲನ್ನು ತಿರುವುತ್ತ ಕೂತಳು. "ಇಲ್ಲಿ ಹೇಳಾಕ ಹಗುರ ಆತು. ನಮ್ಮವರು ಯಾರೂ ಇಲ್ಲ ಇಲ್ಲಿ. ಅಲ್ಲಿ ಅಕ್ಕನ ಮಕ್ಕಳದಾರ, ನನ್ನ ತಮ್ಮನ ಮಂದಿ ಅದಾರ. ಸತ್ತಾಕಿ ಮ್ಯಾಲ ಯಾಕ ಮಾತು ತಂದಿ ಅಂದ್ರ?"

"ಬಿಡು ಕಾಕು. ನನಗ ಗೊತ್ತಾತಲ್ಲ, ಸಾಕು," ಎಂದ. ಸಾಕಾಗಿರಲಿಲ್ಲ.

ಇನ್ನುಳಿದ ದಿನ ಅವನು ಮೂಲಪುರುಷನ ಸುದ್ದಿಯನ್ನೇ ಎತ್ತಲಿಲ್ಲ. ನಾನೇ ಬಜಾರಿನ ಟೋಪಿ ಮಾರುವ ಮುದುಕನನ್ನು ವಿಚಾರಿಸಿದೆ. ಬುಖಾರಾ ಬಿಟ್ಟು ಹಿಂದೂಸ್ತಾನಕ್ಕೆ ಹೋದವರನ್ನು ಹುಡುಕುವುದೆಂದರೆ ಹೊಳೆಯ ನೀರನ್ನು ಹುಡುಕಿದಂತೆ ಎಂದು ಆತ ನಕ್ಕ. ಬರಿಗೈಯಲ್ಲಿ ಬಂದೆಯಲ್ಲೋ ಎಂದು ನಾನು ವಿಮಾನದಲ್ಲಿ ಇಸ್ಮಾಯಿಲನನ್ನು ಕೆಣಕಿದೆ.

"ಯಾರಂದ್ರು? ಬುಖಾರಾದಾಂವ ಸಿಗಲಿಲ್ಲ. ನಮ್ಮ ಮುತ್ಯಾ ಸಿಕ್ಕ."

ಅವ್ವನ ತವರು

ಊರಿಗೆ ಬಂದು ಎರಡು ತಿಂಗಳಿಗೆ ಎಳ್ಳ ಅಮಾವಾಸ್ಯೆ ಬಂತು, ಬಂಧುಬಳಗವೆಲ್ಲ ಹೊಲದಲ್ಲಿ ಕೂತು ಉಣ್ಣುವ ಹಬ್ಬ. ಅವ್ವ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು, ತವರಿನ ಹೊಲಕ್ಕೆ ಹೋಗೋಣ, ಹಾದಿಯಲ್ಲಿ ಬಸವಕಲ್ಯಾಣದಲ್ಲಿ ಇಸ್ಮಾಯಿಲನನ್ನು ಹತ್ತಿಸಿಕೋ ಎಂದಳು. ಅವನು ಬರಲೊಲ್ಲೆ ಎಂದ. ಅವ್ವ ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಳೆ ಕೊಳ್ಳಲು ಬಂದ ಹೆಂಗಸರು ನಗತೊಡಗಿದ ಮೇಲೆ ಅವನು ಶಟರ್ ಎಳೆದ.

ಹೊಲದಲ್ಲಿ ನನ್ನ ಮಾವನ ಮಕ್ಕಳು, ದೊಡ್ಡವ್ವನ ಮಕ್ಕಳು, ಅಕ್ಕಪಕ್ಕದ ಹೊಲದವರು ಎಲ್ಲ ಸೇರಿದ್ದರು. ಶಂಕ್ರಪ್ಪನೂ ಇದ್ದ, ಕೋಲು ಹಿಡಿದ ಮುದುಕನಾಗಿ. ಇಸ್ಮಾಯಿಲನನ್ನು ಕಂಡು ಮಾತುಗಳು ನಿಂತವು. ಭಜ್ಜಿ, ಕಡಬು, ಅಂಬಲಿ ಹಾಗೆಯೇ ಇದ್ದವು. ಯಾರೂ ಎಲೆ ಹಾಕಿರಲಿಲ್ಲ.

"ಉಣ್ಣೂದಕ್ಕಿಂತ ಮೊದಲ ಒಂದು ಮಾತು ಹೇಳೂದದ," ಎಂದು ಅವ್ವ ಜೋಳದ ಬೆಳೆಯ ಅಂಚಿನಲ್ಲಿ ನಿಂತೇ ಶುರುಮಾಡಿದಳು. ಬುಖಾರಾದಲ್ಲಿ ಹೇಳಿದ್ದನ್ನು ಇಲ್ಲಿ ಹೆಸರು ಹಿಡಿದು ಹೇಳಿದಳು, ಒಂದನ್ನೂ ಬಿಡಲಿಲ್ಲ. ದೊಡ್ಡವ್ವನ ಹಿರಿಯ ಮಗ ಮೊದಲು ಎದ್ದು ನಿಂತ, ಆಮೇಲೆ ಕೂತ, ಮುಖ ಮುಚ್ಚಿಕೊಂಡ. "ನಮ್ಮವ್ವ ಒಂದ ದಿನ ಹೇಳಲಿಲ್ಲಲ್ಲೋ," ಎಂದಷ್ಟೇ ಅಂದ. ಯಾರೂ ಸತ್ತವಳ ಮೇಲೆ ಮಾತು ತರಲಿಲ್ಲ.

ಶಂಕ್ರಪ್ಪ ಕೋಲೂರಿ ಎದ್ದು, ಭೂಮಿತಾಯಿಗೆ ಚೆಲ್ಲಲು ಕಲಸಿಟ್ಟಿದ್ದ ಚರಗದ ಬುಟ್ಟಿಯನ್ನು ಎತ್ತಿಕೊಂಡು ಇಸ್ಮಾಯಿಲನ ಮುಂದೆ ಹಿಡಿದ.

"ಈ ಸಲ ಚರಗ ನೀ ಚೆಲ್ಲು," ಎಂದ.

ಇಸ್ಮಾಯಿಲ ಬುಟ್ಟಿ ತಗೊಂಡ. ಚರಗ ಚೆಲ್ಲುವವನ ಬೆನ್ನಿಗೆ ಒಬ್ಬ ನೀರು ಚಿಮುಕಿಸುತ್ತ ಹೋಗಬೇಕು, ಅದು ನಮ್ಮ ಪದ್ಧತಿ. ಹುಡುಗನೊಬ್ಬ ತಂಬಿಗೆಗೆ ಕೈ ಹಾಕಿದ. ಶಂಕ್ರಪ್ಪ ಅದನ್ನು ತಾನೇ ಇಸಿದುಕೊಂಡ. ಇಬ್ಬರೂ ಜೋಳದೊಳಗೆ ಹೋದರು, ಇಸ್ಮಾಯಿಲ ಮುಂದೆ, ಶಂಕ್ರಪ್ಪ ಹಿಂದೆ.